ಹಣೆಬರಹವೂ ಹಸಿ ಮಡಕೆಯೂ

ನಮ್ಮ ಹೆಂಗಸರ ಬಾಯಲ್ಲಿ ವಿಧಿಗೆ ಎಷ್ಟು ಹೆಸರುಗಳಿವೆ ಎಂದು ಒಂದು ಮಧ್ಯಾಹ್ನ ಸುಮ್ಮನೆ ಕೂತು ಎಣಿಸಿ ನೋಡಿದೆ. ಹಣೆಬರಹ, ಗ್ರಹಚಾರ, ಪ್ರಾರಬ್ಧ, ಋಣಾನುಬಂಧ, ದೈವೇಚ್ಛೆ, ಪಡೆದು ಬಂದದ್ದು, ಕೇಳಿಕೊಂಡು ಬಂದದ್ದು, ಪಾಲಿಗೆ ಬಂದದ್ದು. ಇನ್ನೂ ಇವೆ. ಒಗ್ಗರಣೆಗೆ ಸಾಸಿವೆ ಜೀರಿಗೆ ಹಾಕಿದ ಹಾಗೆ ಆ ಹೊತ್ತಿಗೆ ಕೈಗೆ ಸಿಕ್ಕ ಮಾತನ್ನು ಬಳಸಿಬಿಡುತ್ತೇವೆ. ಆದರೆ ಒಂದೊಂದು ಮಾತಿನ ಹಿಂದೆಯೂ ಒಂದೊಂದು ಬೇರೆಯೇ ಸಿದ್ಧಾಂತವಿದೆ. ‘ಪ್ರಾರಬ್ಧ’ ಎಂದವಳು ಹಿಂದಿನ ಜನ್ಮದಲ್ಲಿ ತಾನೇ ಏನೋ ಮಾಡಿದ್ದೆ ಎಂದು ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಾಳೆ. ‘ಗ್ರಹಚಾರ’ ಎಂದವಳು ಅದನ್ನು ಶನಿಗೋ ರಾಹುವಿಗೋ ದಾಟಿಸುತ್ತಾಳೆ. ‘ದೈವೇಚ್ಛೆ’ ದೇವರ ಲೆಕ್ಕಕ್ಕೆ ಹೋಗುತ್ತದೆ. ‘ಹಣೆಬರಹ’ ಎಂಬ ಮಾತೊಂದು ಮಾತ್ರ ಯಾರ ಹೆಸರನ್ನೂ ಎತ್ತುವುದಿಲ್ಲ. ಬರೆದಾಗಿದೆ, ಅಷ್ಟೆ. ಯಾರು ಬರೆದರು, ಯಾಕೆ ಹಾಗೆ ಬರೆದರು ಎಂದು ಕೇಳಿದರೆ ಒಬ್ಬರು ಬ್ರಹ್ಮ ಎನ್ನುತ್ತಾರೆ, ಉತ್ತರದ ಕಡೆಯವರು ಮಗು ಹುಟ್ಟಿದ ಮನೆಗೆ ಬರುವ ಸೆಟವಿತಾಯಿ ಎನ್ನುತ್ತಾರೆ. ಬರೆಯುವವಳು ಹೆಣ್ಣೇ ಆದರೂ ಹೆಣ್ಣಿನ ಹಣೆಗೆ ಆಕೆ ಅಂಥ ದಾಕ್ಷಿಣ್ಯವನ್ನೇನೂ ತೋರಿಸಿದ ಹಾಗೆ ಕಾಣುವುದಿಲ್ಲ.

ಯಾರದೂ ಹೆಸರು ಹೇಳದ ಈ ಹಣೆಬರಹವನ್ನೇ ಒಂದು ಪೂರ್ತಿ ದರ್ಶನವಾಗಿ ಕಟ್ಟಿದವನೊಬ್ಬ ಇದ್ದ. ಬುದ್ಧ ಮಹಾವೀರರ ಕಾಲದವನು, ಅಂದರೆ ಸುಮಾರು 2500 ವರ್ಷಗಳ ಹಿಂದಿನವನು. ಪಾಲಿ ಗ್ರಂಥಗಳು ಅವನನ್ನು ಮಕ್ಖಲಿ ಗೋಸಾಲ ಎನ್ನುತ್ತವೆ, ಜೈನರು ಮಂಖಲಿಪುತ್ರ ಗೋಶಾಲ ಎನ್ನುತ್ತಾರೆ. ಅವನ ಮತದವರಿಗೆ ಆಜೀವಿಕರೆಂದು ಹೆಸರು. ಅವರ ಸ್ವಂತ ಗ್ರಂಥ ಒಂದೂ ಉಳಿದಿಲ್ಲ. ಈಗ ನಮಗೆ ಗೊತ್ತಿರುವುದೆಲ್ಲ ಅವರ ಎದುರಾಳಿಗಳು ಬರೆದಿಟ್ಟದ್ದು. ಮನೆ ಬಿಟ್ಟುಹೋದ ಸೊಸೆಯ ಗುಣವನ್ನು ಅತ್ತೆಯ ಬಾಯಿಂದ ಮಾತ್ರ ಕೇಳಿದ ಹಾಗೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕು. ಎ.ಎಲ್. ಬಾಶಮ್ ಎಂಬ ಇಂಗ್ಲಿಷ್ ವಿದ್ವಾಂಸರು ಈ ಚೂರುಪಾರುಗಳನ್ನೆಲ್ಲ ಹೆಕ್ಕಿ 1951ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಮಾಡಿದರು. ಅದನ್ನು ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಮಡಕೆಗಳು. ವಿಧಿ ದೊಡ್ಡದೋ ಯತ್ನ ದೊಡ್ಡದೋ ಎಂಬ ಈ ದೇಶದ ಬಹು ಹಳೆಯ ಜಗಳ ರಾಜರ ಸಭೆಗಿಂತ ಹೆಚ್ಚಾಗಿ ಕುಂಬಾರರ ಅಂಗಳದಲ್ಲಿ, ಹಸಿ ಮಣ್ಣಿನ ವಾಸನೆಯ ನಡುವೆ ನಡೆದಿದೆ. ಅಲ್ಲೆಲ್ಲ ಹೆಂಗಸರೂ ಇದ್ದಾರೆ.

ಗೋಸಾಲ ಹೇಳಿದ್ದೇನು? ಅದನ್ನು ತಿಳಿಯುವುದಕ್ಕೆ ಮೊದಲು ಒಬ್ಬ ರಾಜನ ಹತ್ತಿರ ಹೋಗಬೇಕು. ದೀಘನಿಕಾಯದ ‘ಸಾಮಞ್ಞಫಲ ಸುತ್ತ’ದಲ್ಲಿ ಆ ಸಂದರ್ಭ ಬರುತ್ತದೆ. ರಾಜಗೃಹದಲ್ಲಿ ಕಾರ್ತಿಕದ ಹುಣ್ಣಿಮೆ. ಮಗಧದ ರಾಜ ಅಜಾತಶತ್ರು ಉಪ್ಪರಿಗೆಯ ಮೇಲೆ ಮಂತ್ರಿಗಳೊಡನೆ ಕುಳಿತಿದ್ದಾನೆ. ಬೆಳದಿಂಗಳು ಚೆಲ್ಲಿದೆ, ಆದರೆ ಅವನಿಗೆ ನೆಮ್ಮದಿಯಿಲ್ಲ. ಅವನು ತಂದೆಯನ್ನು ಕೊಂದು ಪಟ್ಟಕ್ಕೆ ಬಂದವನು. ಬಿಂಬಿಸಾರನನ್ನು ಸೆರೆಯಲ್ಲಿಟ್ಟು ಅನ್ನ ನಿಲ್ಲಿಸಿದ ಎಂದು ಅಟ್ಠಕಥೆ ಹೇಳುತ್ತದೆ. ಆಗ ರಾಣಿ ಕೋಸಲದೇವಿ ಮಡಿಲಲ್ಲಿ ಅನ್ನ ಬಚ್ಚಿಟ್ಟು ಒಯ್ದಳಂತೆ. ಅದು ಸಿಕ್ಕಿಬಿದ್ದಾಗ ತುರುಬಿನಲ್ಲಿ, ಅದೂ ಸಿಕ್ಕಿಬಿದ್ದಾಗ ಪಾದರಕ್ಷೆಯಲ್ಲಿ. ಕೊನೆಗೆ ಮಿಂದು ಮೈಗೆ ಸಿಹಿಯ ಲೇಪ ಬಳಿದುಕೊಂಡು ಹೋದಳು, ಗಂಡ ಅದನ್ನು ನೆಕ್ಕಿ ಜೀವ ಹಿಡಿದುಕೊಂಡ. ಕೊನೆಗೆ ಅವಳು ಒಳಗೆ ಹೋಗುವುದನ್ನೇ ನಿಲ್ಲಿಸಿದರು. ಕೊಲ್ಲಿಸುತ್ತಿದ್ದವನು ಅವಳ ಹೊಟ್ಟೆಯ ಮಗ. ಯತ್ನ ಎಂಬ ಮಾತಿಗೆ ಅರ್ಥ ಹುಡುಕುವವರು ಈ ಹೆಂಗಸನ್ನು ನೋಡಬೇಕು ಎನಿಸುತ್ತದೆ. ದರ್ಶನದ ಪುಸ್ತಕಗಳಲ್ಲಿ ಅವಳ ಹೆಸರು ಬರುವುದಿಲ್ಲ, ಅದು ಬೇರೆ ಮಾತು.

ಆ ರಾತ್ರಿ ಅಜಾತಶತ್ರು ವೈದ್ಯ ಜೀವಕನ ಮಾವಿನ ತೋಪಿಗೆ ಹೋಗಿ ಬುದ್ಧನನ್ನು ಕಂಡ. ಕುಂಬಾರರು, ಅಗಸರು, ಅಡಿಗೆಯವರು, ಹೂ ಕಟ್ಟುವವರು, ಎಲ್ಲರಿಗೂ ಅವರವರ ಕೆಲಸದ ಫಲ ಕಣ್ಣೆದುರಿಗೇ ಸಿಗುತ್ತದಲ್ಲ, ಸನ್ಯಾಸದಿಂದ ಅಂಥ ಫಲವೇನು ಎಂದು ಕೇಳಿದ. ಇದೇ ಪ್ರಶ್ನೆಯನ್ನು ಹಿಂದೆ ಬೇರೆ ಆರು ಗುರುಗಳಿಗೂ ಕೇಳಿದ್ದೆ ಎಂದು ಒಬ್ಬೊಬ್ಬರ ಉತ್ತರವನ್ನೂ ಒಪ್ಪಿಸಿದ. ಅವರಲ್ಲಿ ಗೋಸಾಲನೂ ಒಬ್ಬ.

ಗೋಸಾಲನ ಉತ್ತರ ಹೀಗಿತ್ತು. ಜೀವಿಗಳು ಕೆಡುವುದಕ್ಕೆ ಕಾರಣವಿಲ್ಲ, ಒಳ್ಳೆಯವರಾಗುವುದಕ್ಕೂ ಕಾರಣವಿಲ್ಲ. ಬಲ, ವೀರ್ಯ, ಪುರುಷಪ್ರಯತ್ನ ಎಂಬುದೊಂದೂ ಇಲ್ಲ. ಎಲ್ಲರೂ ನಿಯತಿ, ಸನ್ನಿವೇಶ ಮತ್ತು ಹುಟ್ಟುಗುಣದಿಂದ ಹೀಗೋ ಹಾಗೋ ಆಗುತ್ತಾರೆ. ಸಂಸಾರಕ್ಕೆ ಕೊಳಗದಲ್ಲಿ ಅಳೆದಿಟ್ಟ ಹಾಗೆ ಒಂದು ಅಳತೆಯಿದೆ, 84 ಲಕ್ಷ ಮಹಾಕಲ್ಪಗಳು. ಅಷ್ಟನ್ನೂ ಸುತ್ತಿದ ಮೇಲೆ ಜಾಣನಿಗೂ ದಡ್ಡನಿಗೂ ಒಂದೇ ರೀತಿ ದುಃಖ ಮುಗಿಯುತ್ತದೆ. ವ್ರತ ಹಿಡಿದರೆ ಒಂದು ದಿನ ಮೊದಲಿಲ್ಲ, ಪಾಪ ಮಾಡಿದರೆ ಒಂದು ದಿನ ತಡವಿಲ್ಲ. ನೂಲಿನ ಉಂಡೆಯನ್ನು ಎಸೆದರೆ ಅದು ನೂಲಿರುವಷ್ಟು ದೂರ ಬಿಚ್ಚಿಕೊಳ್ಳುತ್ತ ಉರುಳಿ, ನೂಲು ಮುಗಿದಲ್ಲಿ ನಿಲ್ಲುತ್ತದಲ್ಲ, ಹಾಗೆ.

ಗಮನಿಸಿ, ಇದು ಕರ್ಮಸಿದ್ಧಾಂತವಲ್ಲ. ಕರ್ಮದಲ್ಲಿ ಮಾಡಿದ್ದುಣ್ಣೋ ಮಹಾರಾಯ ಎಂಬ ನ್ಯಾಯವಾದರೂ ಇದೆ. ಗೋಸಾಲ ಅದನ್ನೂ ಕಿತ್ತುಹಾಕಿದ. ದೇವರಿಲ್ಲ, ಕರ್ಮವಿಲ್ಲ, ತಪ್ಪೂ ಇಲ್ಲ, ನೂಲಿನ ಉಂಡೆ ಮಾತ್ರ. ಬುದ್ಧನಿಗೆ ಇದನ್ನು ಕಂಡರೆ ಎಂಥ ಸಿಟ್ಟೆಂದರೆ, ಅಂಗುತ್ತರ ನಿಕಾಯದಲ್ಲಿ ಇದನ್ನು ಮನುಷ್ಯರ ಕೂದಲಿನಿಂದ ನೇಯ್ದ ಕಂಬಳಿಗೆ ಹೋಲಿಸುತ್ತಾನೆ. ಆ ಕಂಬಳಿ ಚಳಿಯಲ್ಲಿ ತಣ್ಣಗಿರುತ್ತದೆ, ಬಿಸಿಲಲ್ಲಿ ಬಿಸಿಯಾಗಿರುತ್ತದೆ, ನೋಡಲು ಅಸಹ್ಯ, ಮೇಲೆ ದುರ್ವಾಸನೆ ಬೇರೆ.

ನನಗೆ ಆಶ್ಚರ್ಯವಾಗುವುದು ಬುದ್ಧನ ಸಿಟ್ಟಲ್ಲ, ಅಜಾತಶತ್ರುವಿನ ನಡತೆ. ತಂದೆಯನ್ನು ಕೊಂದವನಿಗೆ ಗೋಸಾಲನ ಮಾತಿಗಿಂತ ಒಳ್ಳೆಯ ಔಷಧ ಬೇಕೆ? ನೀನು ಮಾಡಿದ್ದಲ್ಲ, ಆಗಬೇಕಾದದ್ದು ಆಯಿತು ಎಂದು ಒಬ್ಬ ದೊಡ್ಡ ಗುರು ಎದುರಿಗೇ ಹೇಳುತ್ತಿದ್ದಾನೆ. ಆದರೂ ರಾಜ ಅದನ್ನು ಒಪ್ಪಲೂ ಇಲ್ಲ, ತಳ್ಳಲೂ ಇಲ್ಲ, ಎದ್ದು ಬಂದ. ಮಾವಿನ ಹಣ್ಣಿನ ವಿಚಾರ ಕೇಳಿದರೆ ಕಾಡುಹಲಸಿನ ವಿಚಾರ ಹೇಳಿದ ಹಾಗಾಯಿತು ಎಂದು ಬುದ್ಧನ ಮುಂದೆ ಗೊಣಗಿದ. ಕೊನೆಗೆ ಆ ತೋಪಿನಲ್ಲೇ, ರಾಜ್ಯದ ಆಸೆಗೆ ತಂದೆಯನ್ನು ಕೊಂದೆ ಎಂದು ತಾನಾಗಿ ಒಪ್ಪಿಕೊಂಡ. ಹಣೆಬರಹದ ಹಾಸಿಗೆ ಹಾಸಿ ಕೊಟ್ಟರೂ ಅವನಿಗೆ ಅದರ ಮೇಲೆ ನಿದ್ದೆ ಬರಲಿಲ್ಲ.

ಇನ್ನು ಗೋಸಾಲನ ಹುಟ್ಟು. ಅವನು ಒಬ್ಬ ಬ್ರಾಹ್ಮಣನ ದನದ ಕೊಟ್ಟಿಗೆಯಲ್ಲಿ ಹುಟ್ಟಿದ್ದರಿಂದ ಗೋಶಾಲ ಎಂದಾಯಿತು, ತಂದೆ ಮಂಖ, ಎಂದರೆ ಊರೂರಿಗೆ ಚಿತ್ರದ ಹಲಗೆ ತೋರಿಸಿ ಬೇಡುವವನು, ಎಂದು ಜೈನರ ಭಗವತೀಸೂತ್ರ. ಬೌದ್ಧರ ಬುದ್ಧಘೋಷ ಹೇಳುವುದು ಬೇರೆ ಕಥೆ. ಅವನು ಒಬ್ಬರ ಮನೆಯ ದಾಸ. ಎಣ್ಣೆಯ ಗಡಿಗೆ ಹೊತ್ತು ಕೆಸರಿನಲ್ಲಿ ನಡೆಯುತ್ತಿದ್ದಾಗ ಒಡೆಯ ಎಡವಬೇಡ ಎಂದು ಎಚ್ಚರಿಸಿದ, ಆದರೂ ಎಡವಿ ಬಿದ್ದ. ಹೊಡೆತಕ್ಕೆ ಹೆದರಿ ಓಡಿದ, ಒಡೆಯನ ಕೈಗೆ ಬಟ್ಟೆಯ ಸೆರಗು ಸಿಕ್ಕಿತು, ಬಟ್ಟೆಯನ್ನೂ ಬಿಟ್ಟು ಬೆತ್ತಲೆ ಓಡಿದವನು ಸನ್ಯಾಸಿಯಾದ. ಎರಡೂ ಕಥೆಗಳು ಅವನನ್ನು ಕೀಳು ಮಾಡಲಿಕ್ಕೆ ಹೆಣೆದವೇ ಇರಬೇಕು. ಆದರೆ ಕಥೆ ಕಟ್ಟಿದವರಿಗೆ ತಿಳಿಯದ ಹಾಗೆ ಅದರೊಳಗೆ ಒಂದು ಸತ್ಯ ಕೂತುಬಿಟ್ಟಿದೆ. ಕೊಟ್ಟಿಗೆಯಲ್ಲಿ ಹುಟ್ಟಿದವನಿಗೆ, ಗಡಿಗೆ ಒಡೆದರೆ ಬೆನ್ನು ಒಡೆಯುವ ಮನೆಯಲ್ಲಿ ಬೆಳೆದವನಿಗೆ, ಪ್ರಯತ್ನ ಪಟ್ಟರೆ ಮೇಲೆ ಬರಬಹುದು ಎಂದು ಯಾರು ಹೇಳಬೇಕು? ಹೇಳಿದರೆ ಅವನು ಯಾಕೆ ನಂಬಬೇಕು?

ಭಗವತೀಸೂತ್ರದ ಪ್ರಕಾರ ಅವನು ಆರು ವರ್ಷ ಮಹಾವೀರನ ಸಂಗಾತಿಯಾಗಿ ತಿರುಗಾಡಿದ. ಒಂದು ದಿನ ದಾರಿಯಲ್ಲಿ ಎಳ್ಳಿನ ಗಿಡ ನೋಡಿ, ಇದು ಫಲ ಕೊಡುತ್ತದೆಯೇ ಎಂದು ಕೇಳಿದ. ಕೊಡುತ್ತದೆ, ಇದರ ಏಳು ಹೂಗಳ ಜೀವ ಒಂದೇ ಕಾಯಲ್ಲಿ ಏಳು ಕಾಳಾಗಿ ಹುಟ್ಟುತ್ತದೆ ಎಂದ ಮಹಾವೀರ. ಈ ಮಾತನ್ನು ಸುಳ್ಳು ಮಾಡಬೇಕೆಂದು ಗೋಸಾಲ ಹಿಂದೆ ಉಳಿದು ಗಿಡವನ್ನು ಬೇರುಸಹಿತ ಕಿತ್ತೆಸೆದ. ಅಷ್ಟರಲ್ಲಿ ಮಳೆ ಬಂತು, ಗಿಡ ಮತ್ತೆ ಬೇರು ಬಿಟ್ಟಿತು. ಹಿಂದಿರುಗುವಾಗ ಕಾಯಿ ಬಿಡಿಸಿ ಎಣಿಸಿದರೆ ಸರಿಯಾಗಿ ಏಳು ಕಾಳು. ಅಂದಿನಿಂದ ಇಬ್ಬರ ದಾರಿ ಬೇರೆಯಾಯಿತು. ಈ ಕಥೆಯನ್ನು ಒಳಗೊಂಡ ಆಗಮ ಶ್ವೇತಾಂಬರರದು, ನಮ್ಮ ಕಡೆಯ ದಿಗಂಬರ ಜೈನರು ಆ ಆಗಮವನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಕಥೆ ಮಾತ್ರ ಚೆನ್ನಾಗಿದೆ. ವಿಧಿಯನ್ನು ಸುಳ್ಳು ಮಾಡಲು ಹೋಗಿ ಅದರ ಭಕ್ತನಾದವನ ಕಥೆ ಅದು.

ಆಮೇಲೆ ಗೋಸಾಲ ಶ್ರಾವಸ್ತಿಗೆ ಬಂದು ನೆಲೆನಿಂತ. ಎಲ್ಲಿ? ಹಾಲಾಹಲಾ ಎಂಬ ಕುಂಬಾರಗಿತ್ತಿಯ ಕಾರ್ಖಾನೆಯಲ್ಲಿ. ಅವಳು ಸಿರಿವಂತೆ, ಆಜೀವಿಕ ಮತವನ್ನು ಅರಗಿಸಿಕೊಂಡವಳು ಎಂದು ಗ್ರಂಥ ಹೇಳುತ್ತದೆ. ಅವಳಿಗೆ ಗಂಡನಿದ್ದನೋ ಇಲ್ಲವೋ, ಆ ಕಾರ್ಖಾನೆ ಯಾರಿಂದ ಬಂತು, ಒಂದೂ ಗೊತ್ತಿಲ್ಲ. ಆದರೆ ಯೋಚನೆ ಮಾಡಿ. ತಿಗರಿಗಳು ತಿರುಗುತ್ತಿವೆ, ಆಳುಗಳು ಮಣ್ಣು ತುಳಿಯುತ್ತಿದ್ದಾರೆ, ಆವಿಗೆ ಉರಿಯುತ್ತಿದೆ. ಅಷ್ಟೆಲ್ಲ ದುಡಿಮೆಯನ್ನು ನಡೆಸುವ ಯಜಮಾನಿ, ದುಡಿಮೆಗೆ ಅರ್ಥವಿಲ್ಲ ಎನ್ನುವ ಗುರುವನ್ನು ತನ್ನ ಸೂರಿನ ಕೆಳಗೆ ಇಟ್ಟುಕೊಂಡು ಅನ್ನ ಹಾಕುತ್ತಿದ್ದಾಳೆ. ಮೊದಲು ನನಗೆ ಇದು ವಿಚಿತ್ರವೆನಿಸಿತು. ಈಗ ಅಷ್ಟು ವಿಚಿತ್ರವೆನಿಸುವುದಿಲ್ಲ. ಆವಿಗೆಗೆ ಹಾಕಿದ ಮಡಕೆಗಳಲ್ಲಿ ಯಾವುದು ಬಿರಿಯುತ್ತದೆ, ಯಾವುದು ಗಟ್ಟಿಯಾಗಿ ಬರುತ್ತದೆ ಎಂದು ಎಷ್ಟು ಪಳಗಿದ ಕೈಗೂ ಮೊದಲೇ ಹೇಳಲಾಗುವುದಿಲ್ಲ. ದಿನಾ ಬೆಂಕಿಯ ಜೊತೆ ಬಾಳುವವರಿಗೆ ನಿಯತಿಯ ಮಾತು ನಮಗಿಂತ ಬೇಗ ಅರ್ಥವಾಗುತ್ತದೇನೋ.

ಈಗ ಇನ್ನೊಂದು ಕುಂಬಾರರ ಮನೆ. ಇದು ಗಂಡಸಿನದು. ‘ಉಪಾಸಕದಶಾ’ ಎಂಬ ಇನ್ನೊಂದು ಜೈನ ಆಗಮದ ಏಳನೆಯ ಕಥೆ. ಪೋಲಾಸಪುರದ ಸದ್ದಾಲಪುತ್ತ ಎಂಬವನಿಗೆ ಊರ ಹೊರಗೆ 500 ಮಡಕೆ ಅಂಗಡಿಗಳು, ಮೂರು ಕೋಟಿ ಹೊನ್ನು, 10,000 ಹಸುಗಳ ಒಂದು ಹಿಂಡು. ಹೆಂಡತಿಯ ಹೆಸರು ಅಗ್ಗಿಮಿತ್ತಾ. ಅವನೂ ಗೋಸಾಲನ ಭಕ್ತ. ಒಂದು ದಿನ ಮಹಾವೀರ ಅವನ ಅಂಗಡಿಯ ಮುಂದೆ ನಿಂತು, ಬಿಸಿಲಿಗೆ ಒಣಗಲು ಇಡುತ್ತಿದ್ದ ಮಡಕೆಗಳನ್ನು ನೋಡಿ, ಇವು ಹೇಗಾದವು ಎಂದು ಕೇಳಿದ. ಮಣ್ಣು ತಂದು, ನೀರಲ್ಲಿ ಕಲಸಿ, ಬೂದಿ ಸಗಣಿ ಬೆರೆಸಿ, ತಿಗರಿಗೆ ಏರಿಸಿದೆವು ಎಂದ ಸದ್ದಾಲಪುತ್ತ. ಹಾಗಾದರೆ ಯತ್ನದಿಂದ ಆದವೋ, ಯತ್ನವಿಲ್ಲದೆ ಆದವೋ? ಯತ್ನವಿಲ್ಲದೆ, ಎಲ್ಲವೂ ಮೊದಲೇ ನಿಗದಿಯಾದದ್ದು ಎಂದ ಭಕ್ತ. ಸರಿ, ಯಾವನಾದರೂ ಬಂದು ಈ ಮಡಕೆಗಳನ್ನು ಕದ್ದರೆ, ಒಡೆದರೆ, ಇಲ್ಲವೆ ನಿನ್ನ ಹೆಂಡತಿ ಅಗ್ಗಿಮಿತ್ತಾಳ ಜೊತೆ ಸುಖಪಟ್ಟರೆ ನೀನೇನು ಮಾಡುತ್ತೀ? ಬೈಯುತ್ತೇನೆ, ಹೊಡೆಯುತ್ತೇನೆ, ಕಟ್ಟಿಹಾಕುತ್ತೇನೆ, ಕೊಂದೇಬಿಡುತ್ತೇನೆ! ಯಾಕಪ್ಪ, ಅವನು ಮಾಡಿದ್ದೇನಿಲ್ಲವಲ್ಲ, ಎಲ್ಲ ನಿಗದಿಯಾದದ್ದಲ್ಲವೆ ಎಂದ ಮಹಾವೀರ. ಸದ್ದಾಲಪುತ್ತನಿಗೆ ಮಾತು ನಿಂತಿತು. ಅಲ್ಲಿಗೆ ಅವನು ಮತ ಬದಲಾಯಿಸಿದ.

ಇಷ್ಟು ಕಡಿಮೆ ಮಾತಿನಲ್ಲಿ ನಿಯತಿವಾದದ ಬುಡಕ್ಕೆ ಕೊಡಲಿ ಹಾಕಿದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಗ್ರೀಸಿನಲ್ಲೂ ಇಂಥದೊಂದು ಕಥೆಯಿದೆ. ಎಲ್ಲ ವಿಧಿಯೆಂದು ಬೋಧಿಸುತ್ತಿದ್ದ ಜೀನೋ ಎಂಬ ತತ್ತ್ವಜ್ಞಾನಿ ಕಳ್ಳತನ ಮಾಡಿದ ದಾಸನನ್ನು ಹೊಡೆಯುತ್ತಿದ್ದ. ಕದಿಯುವುದು ನನಗೆ ವಿಧಿಸಿದ್ದಾಗಿತ್ತು ಎಂದು ದಾಸ ಬೇಡಿಕೊಂಡ. ಏಟು ತಿನ್ನುವುದೂ ವಿಧಿಸಿದ್ದೇ ಎಂದನಂತೆ ಜೀನೋ. ಜನ ಇದನ್ನು ಚಮತ್ಕಾರವೆಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಇಬ್ಬರೂ ವಿಧಿಯನ್ನು ಒಪ್ಪಿದವರೇ, ಆದರೆ ಕೋಲು ಒಬ್ಬನ ಕೈಯಲ್ಲಿತ್ತು.

ಮತ್ತೆ ಪೋಲಾಸಪುರಕ್ಕೆ ಬರೋಣ. ಮಹಾವೀರನ ಪ್ರಶ್ನೆಯಲ್ಲಿ ಮಡಕೆಯೂ ಹೆಂಡತಿಯೂ ಒಂದೇ ಸಾಲಿನಲ್ಲಿ ಬಂದುಬಿಟ್ಟವು. ಒಡೆದರೆ ಸಿಟ್ಟು ಬರುವ ವಸ್ತುಗಳ ಪಟ್ಟಿಯಲ್ಲಿ ಅಗ್ಗಿಮಿತ್ತಾ ಕೊನೆಯವಳು. ಅವಳ ಮೇಲೆ ಕೈ ಹಾಕಿದರೆ ಅವಳಿಗೇನಾಗುತ್ತದೆ ಎಂಬುದು ವಾದದೊಳಗೆ ಬರುವುದೇ ಇಲ್ಲ. ಸದ್ದಾಲಪುತ್ತನಿಗೆ ಏನನ್ನಿಸುತ್ತದೆ ಎಂಬುದಷ್ಟೇ ಅಲ್ಲಿ ಲೆಕ್ಕ. ಆ ಕಾಲದ ಮಾತಿಗೆ ಈ ಕಾಲದ ಆಕ್ಷೇಪ ಎತ್ತಬಾರದು ಎನ್ನುವವರಿದ್ದಾರೆ, ಇರಲಿ. ಕಥೆಯೇ ಮುಂದೆ ಸ್ವಲ್ಪ ಸರಿದೂಗಿಸುತ್ತದೆ. ಅಗ್ಗಿಮಿತ್ತಾ ರಥ ಕಟ್ಟಿಸಿಕೊಂಡು ತಾನೇ ಹೋಗಿ ವ್ರತ ಸ್ವೀಕರಿಸುತ್ತಾಳೆ. ಇನ್ನೊಂದು ರಾತ್ರಿ ಒಬ್ಬ ದೇವತೆ ಸದ್ದಾಲಪುತ್ತನನ್ನು ಪರೀಕ್ಷಿಸಲು ಬಂದು, ಅವನ ಮಕ್ಕಳನ್ನು ಕಣ್ಣೆದುರಿಗೆ ಕೊಂದಂತೆ ತೋರಿಸಿದರೂ ಅವನು ಧ್ಯಾನದಿಂದ ಕದಲುವುದಿಲ್ಲ. ಸುಖದುಃಖದ ಜೊತೆಗಾತಿಯಾದ ನಿನ್ನ ಹೆಂಡತಿಯನ್ನು ಕೊಲ್ಲುತ್ತೇನೆ ಎಂದಾಗ ಮಾತ್ರ ಕೂಗಿಕೊಂಡು ಎದ್ದು ಹಿಡಿಯಲು ಹೋಗುತ್ತಾನೆ. ಓಡಿ ಬಂದು ಸಮಾಧಾನ ಮಾಡುವವಳೂ ಅವಳೇ.

ಸದ್ದಾಲಪುತ್ತನಂಥವರನ್ನು ನಾನು ಮನೆಯಲ್ಲೇ ಕಂಡಿದ್ದೇನೆ. ನನ್ನ ದೊಡ್ಡಮ್ಮ ಹದಿನೇಳಕ್ಕೆ ಗಂಡನನ್ನು ಕಳೆದುಕೊಂಡವರು. ಕೇಳಿದರೆ “ನನ್ನ ಹಣೆಬರಹ ಕಣೇ” ಎಂದು ಅಷ್ಟರಲ್ಲೇ ಮುಗಿಸುತ್ತಿದ್ದರು. ಆದರೆ ಹಾಲಿನವನು ನೀರು ಬೆರೆಸಿ ತಂದ ದಿನ ಅವರಿಗೆ ಹಣೆಬರಹ ನೆನಪಾದದ್ದನ್ನು ನಾನು ಕಾಣೆ. ಬೀದಿಯ ಕೊನೆಯವರೆಗೆ ಕೇಳುವ ಹಾಗೆ ಅವನಿಗೆ ಮಂಗಳಾರತಿ ಎತ್ತುತ್ತಿದ್ದರು. ಹೆಂಚಿನ ಮೇಲೆ ದೋಸೆ ಕಿತ್ತು ಬಂದರೆ ಹಿಟ್ಟನ್ನು, ಹೆಂಚನ್ನು, ನೆನೆಹಾಕಿದ ಅಕ್ಕಿಯನ್ನು ಪರೀಕ್ಷಿಸುತ್ತಿದ್ದರೇ ಹೊರತು ಬ್ರಹ್ಮನನ್ನಲ್ಲ. ಚಿಕ್ಕ ವಿಷಯಗಳಲ್ಲಿ ಅವರು ಪಕ್ಕಾ ಪುರುಷಾರ್ಥವಾದಿ.

ದೊಡ್ಡ ವಿಷಯದಲ್ಲಿ ಹಣೆಬರಹದ ಮಾತನ್ನು ಅವರಿಗೆ ಕಲಿಸಿದವರು ಯಾರು ಎಂಬುದು ಬಹಳ ವರ್ಷಗಳ ಮೇಲೆ ತಿಳಿಯಿತು. ಗಂಡನ ಪಾಲಿನ ಗದ್ದೆಯನ್ನು ಮೈದುನ ತನ್ನ ಹೆಸರಿಗೆ ಬರೆಸಿಕೊಳ್ಳುವಾಗ ಇವರು ತಡೆದು ಕೇಳಿದರಂತೆ. ಅದಕ್ಕೆ ಬಂದ ಉತ್ತರ, “ಅಣ್ಣ ಉಳಿಯೋದೇ ನಿಮ್ಮ ಹಣೇಲಿ ಬರೆದಿರಲಿಲ್ಲ ಅತ್ತಿಗೆ. ಇನ್ನು ಗದ್ದೆ ಇಟ್ಟುಕೊಂಡು ಏನು ಮಾಡ್ತೀರಿ?” ಅಷ್ಟು ಮೆತ್ತಗಿನ ಮಾತು. ಅವರು ಹೆಬ್ಬೆಟ್ಟು ಒತ್ತಿದರು. ಗಂಡ ಸತ್ತದ್ದು ವಿಧಿಯೇ ಇರಬಹುದು, ಜ್ವರಕ್ಕೆ ಆಗ ಔಷಧವಿರಲಿಲ್ಲ. ಗದ್ದೆ ಹೋದದ್ದು ವಿಧಿಯಲ್ಲ, ಅದಕ್ಕೆ ಛಾಪಾ ಕಾಗದ ಬೇಕಾಯಿತು, ಬರೆಯುವವನು ಬೇಕಾಯಿತು, ಇಬ್ಬರು ಸಾಕ್ಷಿ ಬೇಕಾದರು. ಆ ಎರಡನ್ನೂ ಒಂದೇ ಮಾತಿನಲ್ಲಿ ಕಟ್ಟಿ ಕೊಟ್ಟದ್ದೇ ಮೈದುನನ ಜಾಣತನ. ನೊಂದವಳು ತನ್ನನ್ನು ಸಂತೈಸಿಕೊಳ್ಳಲು ಆಡುವ ಹಣೆಬರಹವೂ ನೋಯಿಸಿದವನು ಅವಳ ಬಾಯಿ ಮುಚ್ಚಿಸಲು ಆಡುವ ಹಣೆಬರಹವೂ ಒಂದೇ ಅಕ್ಷರಗಳಲ್ಲಿವೆ ಎಂಬುದು ಕನ್ನಡದ ದುರದೃಷ್ಟ. ದುರದೃಷ್ಟ! ನೋಡಿ, ನಾನೂ ಅದೇ ಮಾತಿಗೆ ಬಂದೆ.

ಹಾಗೆ ನೋಡಿದರೆ ನಮ್ಮ ಹಣೆಯ ಬರಹಕ್ಕೆ ತಿದ್ದುಪಡಿಗಳೂ ಆಗಿವೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಆಸ್ತಿಹಕ್ಕಿಗೆ ಒಂದು ಕಾನೂನು ಮಾಡಿತ್ತು. 1956ರಲ್ಲಿ ದೇಶಕ್ಕೆಲ್ಲ ಉತ್ತರಾಧಿಕಾರದ ಕಾಯ್ದೆ ಬಂತು. 1994ರಲ್ಲಿ ಕರ್ನಾಟಕ, 2005ರಲ್ಲಿ ಇಡೀ ದೇಶ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದಲ್ಲಿ ಸಮಭಾಗಿಗಳನ್ನಾಗಿ ಮಾಡಿದವು. ಬ್ರಹ್ಮನ ಲೇಖನಿ ಶಾಸನಸಭೆಯ ಮೇಜಿನ ಮೇಲೆ ಸಿಕ್ಕಿದ ಹಾಗಾಯಿತು. ದೊಡ್ಡಮ್ಮನಿಗೆ ಇದರಲ್ಲಿ ಯಾವುದೂ ದಕ್ಕಲಿಲ್ಲ, ಕಾನೂನು ಇದೆಯೆಂದು ಅವರಿಗೆ ಹೇಳಿದವರೂ ಇರಲಿಲ್ಲ.

ಬೇರೊಬ್ಬಳ ವಿಷಯದಲ್ಲಿ ಹೀಗಾಗಲಿಲ್ಲ. ಅವಳೂ ಆಸ್ತಿ, ಮಾನ ಎಲ್ಲವನ್ನೂ ಗಂಡಸರ ಜೂಜಿನಲ್ಲಿ ಕಳೆದುಕೊಂಡವಳು, ಆದರೆ ವಾದ ಬಲ್ಲವಳು. ಮಹಾಭಾರತದ ವನಪರ್ವದಲ್ಲಿ, ದ್ವೈತವನದಲ್ಲಿ, ದ್ರೌಪದಿ ಯುಧಿಷ್ಠಿರನೊಡನೆ ವಾದಕ್ಕೆ ಕೂರುತ್ತಾಳೆ. ಮೊದಲು ಅವಳು ಆಡುವುದು ಗೋಸಾಲನನ್ನೂ ಮೀರಿಸುವ ಮಾತು. ವಿಧಾತ ನಮ್ಮನ್ನು ಮರದ ಗೊಂಬೆಗಳಂತೆ ಕುಣಿಸುತ್ತಾನೆ, ತಂದೆತಾಯಿಯಂತೆ ನಡೆದುಕೊಳ್ಳುವುದಿಲ್ಲ, ಇದರ ಪಾಪ ಅವನಿಗೇ ತಟ್ಟಬೇಡವೆ ಎನ್ನುತ್ತಾಳೆ. ಧರ್ಮರಾಯ ಹೌಹಾರಿ, ನೀನು ನಾಸ್ತಿಕರ ಮಾತಾಡುತ್ತಿದ್ದೀ ಎಂದು ಗದರುತ್ತಾನೆ. ಆಗ ಅವಳು ನೊಂದು ಏನೋ ಹಲುಬಿದೆ ಎಂದು ಒಂದು ಹೆಜ್ಜೆ ಹಿಂದೆ ಸರಿಯುತ್ತಾಳೆ. ಅಲ್ಲಿಗೆ ಮುಗಿಯಿತು ಎಂದು ನಾವು ಅಂದುಕೊಳ್ಳುವಷ್ಟರಲ್ಲಿ ಎರಡು ಹೆಜ್ಜೆ ಮುಂದೆ ಬರುತ್ತಾಳೆ. ದೇವರ ಮಾತು ಬೇಡವೆಂದರೆ ಬೇಡ, ಈಗ ಕೆಲಸದ ಮಾತಾಡೋಣ!

ಕೆಲವರು ಎಲ್ಲ ಆಕಸ್ಮಿಕ ಎನ್ನುತ್ತಾರೆ, ಕೆಲವರು ಎಲ್ಲ ದೈವ ಎನ್ನುತ್ತಾರೆ, ಕೆಲವರು ಎಲ್ಲ ಯತ್ನ ಎನ್ನುತ್ತಾರೆ ಎಂದು ಮೂರು ಮತಗಳನ್ನೂ ಅವಳು ಬಿಡಿಸಿಡುತ್ತಾಳೆ. ದೈವವನ್ನೇ ನಂಬಿ ಸುಮ್ಮನೆ ಮಲಗಿದವನು ನೀರಿಗೆ ಬಿದ್ದ ಹಸಿ ಮಡಕೆಯಂತೆ ಕರಗಿಹೋಗುತ್ತಾನೆ ಎನ್ನುತ್ತಾಳೆ. ಇಲ್ಲಿಯೂ ಮಡಕೆಯೇ ಬಂತು! ಎಳ್ಳಿನಲ್ಲಿ ಎಣ್ಣೆಯಿದೆ, ಹಸುವಿನಲ್ಲಿ ಹಾಲಿದೆ, ಕಟ್ಟಿಗೆಯಲ್ಲಿ ಬೆಂಕಿಯಿದೆ, ಆದರೆ ಅದನ್ನು ಹೊರಗೆ ತರುವ ಉಪಾಯವನ್ನು ಬುದ್ಧಿಯಿಂದ ತಿಳಿಯಬೇಕು ಎನ್ನುತ್ತಾಳೆ. ಗೋಸಾಲ ಎಳ್ಳಿನ ಗಿಡದಲ್ಲಿ ವಿಧಿಯನ್ನು ಕಂಡ, ದ್ರೌಪದಿ ಎಳ್ಳಿನಲ್ಲಿ ಎಣ್ಣೆಯನ್ನು ಕಂಡಳು. ಗಾಣದ ಕಷ್ಟ ಗೊತ್ತಿದ್ದವಳಿರಬೇಕು.

ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಅವಳು ಕೊಡುವ ರೈತನ ಮಾತು. ರೈತ ನೆಲ ಉತ್ತು ಬೀಜ ಬಿತ್ತಿ ಸುಮ್ಮನಿರುತ್ತಾನೆ, ಮುಂದಿನದು ಮಳೆಯ ಕೆಲಸ. ಮಳೆ ಬಾರದೆ ಹೋದರೆ ಅವನು ತನ್ನನ್ನು ಹಳಿದುಕೊಳ್ಳುವುದಿಲ್ಲ, ಬೇರೆಯವರು ಮಾಡುವುದನ್ನೆಲ್ಲ ನಾನೂ ಮಾಡಿದೆ, ಇದರಲ್ಲಿ ನನ್ನ ತಪ್ಪಿಲ್ಲ ಎಂದುಕೊಳ್ಳುತ್ತಾನೆ. ಯತ್ನವಾದಿಗಳಲ್ಲಿ ಸಾಮಾನ್ಯವಾಗಿ ಒಂದು ಕ್ರೌರ್ಯವಿರುತ್ತದೆ. ಸೋತೆಯಾ, ಹಾಗಾದರೆ ನಿನ್ನ ಪ್ರಯತ್ನ ಸಾಲದು. ಮಗು ನಪಾಸಾದರೆ ತಾಯಿ ಸರಿಯಾಗಿ ಓದಿಸಲಿಲ್ಲ, ಸಂಸಾರ ಮುರಿದರೆ ಹೆಂಡತಿ ಹೊಂದಿಕೊಳ್ಳಲಿಲ್ಲ. ದ್ರೌಪದಿ ಆ ಬಾಗಿಲನ್ನು ಮುಚ್ಚುತ್ತಾಳೆ. ಬಿತ್ತದೆ ಕೂರಬೇಡ, ಬಿತ್ತಿದ ಮೇಲೆ ಮಳೆಯ ತಪ್ಪನ್ನು ಹೊರಬೇಡ ಎಂಬ ಎರಡನ್ನೂ ಒಟ್ಟಿಗೆ ಹೇಳುತ್ತಾಳೆ.

ಇದನ್ನೆಲ್ಲ ಎಲ್ಲಿ ಕಲಿತೆ ಎಂಬುದನ್ನೂ ಅವಳೇ ಹೇಳುತ್ತಾಳೆ. ತವರಿನಲ್ಲಿ ತಂದೆ ಒಬ್ಬ ಪಂಡಿತನನ್ನು ಇಟ್ಟಿದ್ದ. ಅವನು ಬೃಹಸ್ಪತಿಯ ನೀತಿಯನ್ನು ಪಾಠ ಹೇಳುತ್ತಿದ್ದದ್ದು ಅಣ್ಣತಮ್ಮಂದಿರಿಗೆ. ಇವಳು ಏನೋ ಕೆಲಸದ ನೆಪದಲ್ಲಿ ಅಲ್ಲಿಗೆ ಬಂದು, ಅಪ್ಪನ ತೊಡೆಯ ಮೇಲೆ ಕುಳಿತು ಕೇಳಿಸಿಕೊಂಡದ್ದು. ಗಂಡುಮಕ್ಕಳಿಗೆಂದು ಇಟ್ಟ ಪಾಠವನ್ನು ಬಾಗಿಲ ಸಂದಿಯಿಂದ, ಅಪ್ಪನ ತೊಡೆಯಿಂದ, ಅಡಿಗೆಮನೆಯ ಗೋಡೆಯಾಚೆಯಿಂದ ಕೇಳಿ ಕಲಿತ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟು ಜನರೋ. ಅಣ್ಣತಮ್ಮಂದಿರು ಆ ಪಾಠವನ್ನು ಎಲ್ಲಿಯಾದರೂ ಬಳಸಿದರೇ ಎಂಬುದು ನನ್ನ ನೆನಪಿನಲ್ಲಿಲ್ಲ.

ಆಜೀವಿಕರು ಮುಂದೆ ಏನಾದರು? ಅಶೋಕ ಪಟ್ಟಕ್ಕೆ ಬಂದ 12ನೆಯ ವರ್ಷದಲ್ಲಿ ಗಯೆಯ ಹತ್ತಿರದ ಬರಾಬರ್ ಬೆಟ್ಟದಲ್ಲಿ ಅವರಿಗೆ ಎರಡು ಗುಹೆಗಳನ್ನು ಕೊರೆಸಿ ದಾನ ಮಾಡಿದ. ಅವನ ಮೊಮ್ಮಗ ದಶರಥ ಪಕ್ಕದ ನಾಗಾರ್ಜುನಿ ಬೆಟ್ಟದಲ್ಲಿ ಮೂರು ಕೊಟ್ಟ. ಕಗ್ಗಲ್ಲನ್ನು ಕನ್ನಡಿಯ ಹಾಗೆ ಉಜ್ಜಿ ಹೊಳಪು ಕೊಟ್ಟ ಗುಹೆಗಳವು. ಯತ್ನವೇ ಇಲ್ಲ ಎಂದವರಿಗೆ ಎಷ್ಟು ಕೈಗಳ ಯತ್ನದ ಕಾಣಿಕೆ! ಮುಂದೆ ಬಂದವರು ಯಾರೋ ಕೆಲವು ಶಾಸನಗಳಲ್ಲಿ ಆಜೀವಿಕ ಎಂಬ ಅಕ್ಷರಗಳನ್ನಷ್ಟೇ ಉಳಿಯಿಂದ ಕೆತ್ತಿ ಹಾಕಲು ನೋಡಿದ್ದಾರೆ. ಎಲ್ಲವೂ ನಿಗದಿಯಾಗಿದ್ದರೆ ಇವರು ಅಷ್ಟು ಘೋರ ತಪಸ್ಸನ್ನಾದರೂ ಯಾಕೆ ಮಾಡುತ್ತಿದ್ದರು ಎಂದು ಕೇಳಬಹುದು. ತಪಸ್ಸು ಮಾಡುವುದೂ ನಿಗದಿಯಾದದ್ದೇ ಎಂಬುದು ಅವರ ಉತ್ತರವಾಗಿದ್ದಿರಬೇಕು. ತಮಿಳಿನ ಒಂದು ಹಳೆಯ ವ್ಯಾಖ್ಯಾನದ ಪ್ರಕಾರ ಅವರು ದೊಡ್ಡ ಮಣ್ಣಿನ ಗುಡಾಣಗಳೊಳಗೆ ಕುಳಿತು ತಪಸ್ಸು ಮಾಡುತ್ತಿದ್ದರು. ಕೊನೆಗೂ ಕುಂಬಾರರನ್ನು ಅವರು ಬಿಡಲಿಲ್ಲ.

ಉತ್ತರದಲ್ಲಿ ಮರೆಯಾದ ಮೇಲೂ ಅವರು ದಕ್ಷಿಣದಲ್ಲಿ ಉಳಿದಿದ್ದರು. ಪಾಲಾರ್ ನದಿಯ ಸುತ್ತಿನ ಸೀಮೆಯಲ್ಲಿ, ನಮ್ಮ ಕೋಲಾರದ ಕಡೆಯೂ ಸೇರಿದಂತೆ, ಹಳ್ಳಿಗಳ ತೆರಿಗೆಯ ಪಟ್ಟಿ ಕೊಡುವ ಶಾಸನಗಳಲ್ಲಿ ಆಜೀವಿಕರ ತೆರಿಗೆ ಎಂದು ವಿದ್ವಾಂಸರು ಓದಿರುವ ಒಂದು ತೆರಿಗೆ ಬರುತ್ತದೆ. ಹದಿನಾಲ್ಕನೆಯ ಶತಮಾನದವರೆಗೂ ಅವರ ಸುಳಿವಿದೆ ಎಂದು ಬಾಶಮ್ ಅವರ ಎಣಿಕೆ. ಅಷ್ಟು ಹೊತ್ತಿಗೆ ಗೋಸಾಲ ಅವರಿಗೆ ದೇವರೇ ಆಗಿದ್ದ. ಆ ದಕ್ಷಿಣದ ಆಜೀವಿಕರನ್ನು ವಾದದಲ್ಲಿ ಎದುರಿಸಿದವಳೂ ಒಬ್ಬ ಹೆಂಗಸು ಎಂದು ತಮಿಳಿನ ಜೈನ ಕಾವ್ಯ ‘ನೀಲಕೇಶಿ’ ಹೇಳುತ್ತದೆ. ಈ ನೀಲಕೇಶಿ ಮೊದಲು ಮುನಿಯನ್ನು ಹೆದರಿಸಲು ಬಂದ ರಕ್ತಬಲಿ ಬೇಡುವ ಭೂತ, ಆಮೇಲೆ ಅವನಿಂದಲೇ ಧರ್ಮ ಕಲಿತವಳು, ಆಮೇಲೆ ಊರೂರು ಸುತ್ತಿ ಬೌದ್ಧರು, ಸಾಂಖ್ಯರು, ವೈದಿಕರು ಎಲ್ಲರನ್ನೂ ಮಾತಿನಲ್ಲಿ ಗೆದ್ದವಳು. ಪೂರಣನೆಂಬ ಆಜೀವಿಕ ಗುರುವಿಗೂ ಅದೇ ಗತಿಯಾಯಿತು. ಹುಟ್ಟಿದ್ದೊಂದು, ಆದದ್ದು ಮತ್ತೊಂದು ಎಂಬುದಕ್ಕೆ ಅವಳಿಗಿಂತ ಒಳ್ಳೆಯ ಸಾಕ್ಷಿ ಆ ಗುರುವಿಗೆ ಬೇಕಿರಲಿಲ್ಲ.

ಗೋಸಾಲನ ಸಾವಿನ ವಿಚಾರ ಬಾಕಿಯಿದೆ. ಅದಕ್ಕೆ ಮತ್ತೆ ಶ್ರಾವಸ್ತಿಗೆ, ಹಾಲಾಹಲಾಳ ಕಾರ್ಖಾನೆಗೆ ಹಿಂದಿರುಗಬೇಕು. ಸನ್ಯಾಸಿಯಾಗಿ 24 ವರ್ಷವಾಗಿತ್ತು. ಮಹಾವೀರನೊಡನೆ ಕೊನೆಯ ಜಗಳವಾಗಿ, ಅವನ ಮೇಲೆ ಬಿಟ್ಟ ತಪಸ್ಸಿನ ಬೆಂಕಿ ತನ್ನ ಮೈಗೇ ತಿರುಗಿ ಬಿತ್ತು ಎಂದು ಜೈನರ ಕಥೆ. ಜ್ವರ ಏರಿದ ಗೋಸಾಲ ಕೈಯಲ್ಲಿ ಒಂದು ಮಾವಿನ ಹಣ್ಣು ಹಿಡಿದು, ಕುಡಿಯುತ್ತ, ಹಾಡುತ್ತ, ಕುಣಿಯುತ್ತ, ಹಾಲಾಹಲಾಳಿಗೆ ಮತ್ತೆ ಮತ್ತೆ ಕೈ ಮುಗಿಯುತ್ತ, ಕುಂಬಾರರ ಪಾತ್ರೆಯ ತಣ್ಣನೆಯ ಕೆಸರುನೀರನ್ನು ಮೈಮೇಲೆ ಸುರಿದುಕೊಳ್ಳುತ್ತಿದ್ದ. ಸಾಯುವ ಮೊದಲು ಅವನಿಗೆ ಪಶ್ಚಾತ್ತಾಪವಾಯಿತಂತೆ. ನಾನು ಜಿನನಲ್ಲ, ನನ್ನ ಎಡಗಾಲಿಗೆ ಹಗ್ಗ ಕಟ್ಟಿ, ಹಾಗೆಂದು ಸಾರುತ್ತ ಶ್ರಾವಸ್ತಿಯ ಬೀದಿಗಳಲ್ಲೆಲ್ಲ ಎಳೆದಾಡಿ ಎಂದು ಶಿಷ್ಯರಿಂದ ಭಾಷೆ ತೆಗೆದುಕೊಂಡ. ಪಶ್ಚಾತ್ತಾಪ ಎದುರಾಳಿಗಳು ಸೇರಿಸಿದ್ದೂ ಇರಬಹುದು.

ಶಿಷ್ಯರು ಇಕ್ಕಟ್ಟಿಗೆ ಸಿಕ್ಕಿದರು. ಗುರುವಿನ ಮಾತು ಮೀರುವಂತಿಲ್ಲ, ಗುರುವಿನ ಮಾನ ಕಳೆಯುವಂತಿಲ್ಲ. ಅವರು ಹಾಲಾಹಲಾಳ ಕಾರ್ಖಾನೆಯ ಬಾಗಿಲು ಹಾಕಿಕೊಂಡು, ನೆಲದ ಮೇಲೆ ಶ್ರಾವಸ್ತಿಯ ನಕ್ಷೆ ಬರೆದು, ಆ ಗೆರೆಗಳ ಬೀದಿಯಲ್ಲಿ ಹೆಣವನ್ನು ಎಳೆದು, ಇವನು ಜಿನನಲ್ಲ ಎಂದು ಪಿಸುಮಾತಿನಲ್ಲಿ ಸಾರಿದರು. ಆಮೇಲೆ ಹಗ್ಗ ಬಿಚ್ಚಿ, ಬಾಗಿಲು ತೆರೆದು, ಸುಗಂಧದ ನೀರಿನಲ್ಲಿ ಮೀಯಿಸಿ, ಊರಿಗೆಲ್ಲ ಕಾಣುವ ಹಾಗೆ ಮೆರವಣಿಗೆ ಮಾಡಿದರು. ಬಾಗಿಲು ಹಾಕಿದಾಗ ಹಾಲಾಹಲಾ ಒಳಗಿದ್ದಳೋ ಹೊರಗಿದ್ದಳೋ, ಮರುದಿನ ತಿಗರಿ ತಿರುಗಿಸುವ ಮೊದಲು ಆ ನೆಲದ ಗೆರೆಗಳನ್ನು ಗುಡಿಸಿದವರು ಯಾರೋ, ಬರೆದವರು ಬರೆದಿಲ್ಲ.